ಹಳೇ ಕಾರಿನ ಒಳಗಿನ ಪ್ಲಾಸ್ಟಿಕ್‌ಗೆ ಹೊಡೆದ ಪೇಂಟ್ ಕೈಕೊಟ್ಟಾಗ: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ

ಡ್ಯಾಶ್‌ಬೋರ್ಡ್ ಬಿಚ್ಚಿ, ತೊಳೆದು, ಪೇಂಟ್ ಹೊಡೆದು, ಮತ್ತೆ ಕೂರಿಸಿ ಆಗಿದೆ. ಎರಡು ವಾರ ಚೆನ್ನಾಗಿಯೇ ಕಂಡಿತು. ಈಗ ಉಗುರು ತಾಗಿದರೆ ಸಾಕು, ಬಣ್ಣ ಎದ್ದು ಬರುತ್ತಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಅದರ ಮೇಲೇ ಇನ್ನೊಂದು ಕೋಟ್ ಹೊಡೆಯುವುದು. ದಯವಿಟ್ಟು ಅದನ್ನು ಮಾಡಬೇಡಿ. ಕೆಳಗಿನ ಪದರ ಹಿಡಿತ ಬಿಟ್ಟಿದ್ದರೆ ಮೇಲೆ ಎಷ್ಟು ಕೋಟ್ ಹೊಡೆದರೂ ಅದು ಕೆಳಗಿನದರ ಜೊತೆಗೇ ಎದ್ದು ಬರುತ್ತದೆ.

ಕಾರಿನ ಹೊರಮೈ ಲೋಹ. ಅಲ್ಲಿ ಪೇಂಟ್ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಒಳಗಿನ ಪ್ಲಾಸ್ಟಿಕ್ ಹಾಗಲ್ಲ. ಒಂದೇ ಕಾರಿನಲ್ಲಿ ಕನ್ಸೋಲ್ ಒಂದು ಜಾತಿಯದು, ಕಿಟಕಿ ಪಕ್ಕದ ಕಂಬದ ಮುಚ್ಚಳ ಇನ್ನೊಂದು, ಡ್ಯಾಶ್‌ಬೋರ್ಡಿನ ಮೇಲ್ಮೈ ಮತ್ತೊಂದು. ಎಲ್ಲಕ್ಕೂ ಒಂದೇ ಡಬ್ಬಿ, ಒಂದೇ ಕ್ರಮ ಅಂತ ಹೊರಟರೆ ಯಾವುದಾದರೂ ಒಂದು ಖಂಡಿತ ಕೈಕೊಡುತ್ತದೆ. ಅದಕ್ಕೇ ಸರಿಪಡಿಸುವ ಮೊದಲು ಯಾವ ಪದರ ಸೋತಿದೆ ಅಂತ ಗೊತ್ತುಮಾಡಿಕೊಳ್ಳಬೇಕು.

ಮೊದಲು ಸಿಪ್ಪೆಯ ಹಿಂಬದಿ ನೋಡಿ

ಎದ್ದು ಬಂದ ಬಣ್ಣದ ಒಂದು ಸಿಪ್ಪೆಯನ್ನು ಮುರಿಯದ ಹಾಗೆ ಬಿಡಿಸಿಕೊಳ್ಳಿ. ಒಳ್ಳೆ ಬೆಳಕಿನಲ್ಲಿ ಅದರ ಹಿಂಬದಿಯನ್ನೂ, ಅದು ಬಿಟ್ಟುಬಂದ ಜಾಗವನ್ನೂ ಒಟ್ಟಿಗೇ ನೋಡಿ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಸಿಪ್ಪೆಯ ಹಿಂಬದಿಯಲ್ಲಿ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳಪದರ) ಅಂಟಿಕೊಂಡೇ ಇದೆ, ಕೆಳಗೆ ಪ್ಲಾಸ್ಟಿಕ್ ಬೆತ್ತಲಾಗಿ ಹೊಳೆಯುತ್ತಿದೆ ಅಂದರೆ ಪ್ರೈಮರ್ ಪ್ಲಾಸ್ಟಿಕ್ಕನ್ನು ಹಿಡಿದಿಲ್ಲ. ಪ್ಲಾಸ್ಟಿಕ್ಕಿನ ಜಾತಿ ತಪ್ಪಾಗಿ ತಿಳಿದಿರಬಹುದು, ಉಜ್ಜಿದ್ದು ಸಾಲದಿರಬಹುದು, ಜಿಡ್ಡು ಉಳಿದಿರಬಹುದು. ಪ್ರೈಮರ್ ಪ್ಲಾಸ್ಟಿಕ್ ಮೇಲೆ ಗಟ್ಟಿಯಾಗಿ ಕೂತಿದೆ, ಮೇಲಿನ ಬಣ್ಣ ಮಾತ್ರ ಬಂದಿದೆ ಅಂದರೆ ದೋಷ ಎರಡು ಕೋಟ್‌ಗಳ ನಡುವೆ ಇದೆ. ಪ್ರೈಮರ್ ಒಣಗಿ ದಿನಗಟ್ಟಲೆ ಆದ ಮೇಲೆ ಉಜ್ಜದೆ ಬಣ್ಣ ಹೊಡೆದಾಗ, ಇಲ್ಲವೇ ಪ್ರೈಮರ್ ಮೇಲೆ ಬರಿಗೈ ಆಡಿಸಿದಾಗ ಹೀಗಾಗುತ್ತದೆ. ಮೂರನೆಯದನ್ನು ತುಂಬಾ ಜನ ಗಮನಿಸುವುದಿಲ್ಲ: ಸಿಪ್ಪೆಯ ಹಿಂಬದಿಯಲ್ಲಿ ಪ್ಲಾಸ್ಟಿಕ್ಕಿನದೇ ಬಣ್ಣದ ತೆಳು ಪುಡಿ ಕಾಣುತ್ತದೆ. ಬೆರಳಲ್ಲಿ ಒರೆಸಿದರೆ ಬೆರಳಿಗೆ ಬರುತ್ತದೆ. ಹಾಗಿದ್ದರೆ ಪೇಂಟಿನದು ಏನೂ ತಪ್ಪಿಲ್ಲ. ವರ್ಷಗಟ್ಟಲೆ ಬಿಸಿಲು ತಿಂದ ಪ್ಲಾಸ್ಟಿಕ್ಕಿನ ಮೇಲ್ಪದರವೇ ಸತ್ತು ಪುಡಿಯಾಗಿದೆ. ಪೇಂಟ್ ಆ ಪುಡಿಯನ್ನು ಗಟ್ಟಿಯಾಗಿ ಹಿಡಿದಿದೆ, ಪುಡಿ ಪ್ಲಾಸ್ಟಿಕ್ಕನ್ನು ಬಿಟ್ಟಿದೆ.

ಇನ್ನೂ ಎದ್ದಿಲ್ಲದ ಜಾಗ ಹೇಗಿದೆ ಅಂತ ತಿಳಿಯಲು ಕಣ್ಣಿಗೆ ಬೀಳದ ಒಂದು ಮೂಲೆ ಆರಿಸಿಕೊಳ್ಳಿ. ಹರಿತವಾದ ಬ್ಲೇಡಿನಿಂದ ಸುಮಾರು 2 ಮಿಲಿಮೀಟರ್ ಅಂತರದಲ್ಲಿ ಆರು ಗೆರೆ ಎಳೆಯಿರಿ, ಅವಕ್ಕೆ ಅಡ್ಡಲಾಗಿ ಇನ್ನೂ ಆರು. ಪುಟ್ಟ ಚೌಕಗಳು ಮೂಡುತ್ತವೆ. ಅದರ ಮೇಲೆ ಗಟ್ಟಿ ಅಂಟಿನ ಟೇಪ್ ಒತ್ತಿ ಹಚ್ಚಿ, ಒಂದೇ ಸಲಕ್ಕೆ ಎಳೆಯಿರಿ. ಪೇಂಟ್ ಹಿಡಿತ ಅಳೆಯಲು ಕಾರ್ಖಾನೆಗಳಲ್ಲಿ ಮಾಡುವ ಪರೀಕ್ಷೆಯೂ ಇದೇ ಬಗೆಯದು. ಚೌಕಗಳು ಇದ್ದಲ್ಲೇ ಇದ್ದರೆ ಆ ಭಾಗ ಉಳಿಯುತ್ತದೆ, ಎದ್ದ ಜಾಗಕ್ಕೆ ಮಾತ್ರ ಕೈ ಹಾಕಿ. ಚೌಕ ಚೌಕವೇ ಟೇಪಿಗೆ ಬಂದರೆ ಇಡೀ ಭಾಗವನ್ನು ಬೋಳು ಮಾಡುವುದೊಂದೇ ದಾರಿ. ಇಲ್ಲಿ ಅರೆಮನಸ್ಸು ಮಾಡಬೇಡಿ.

ಕೆಳಗಿರುವ ಪ್ಲಾಸ್ಟಿಕ್ ಯಾವುದು?

ಬಿಚ್ಚಿದ ಭಾಗವನ್ನು ತಿರುಗಿಸಿ ಹಿಂಬದಿಯಲ್ಲಿ ಅಚ್ಚಿನ ಗುರುತು ಹುಡುಕಿ. ಎರಡು ಬಾಣದ ಮೊನೆಗಳ ನಡುವೆ ಎಬಿಎಸ್, ಪಿಪಿ, ಪಿವಿಸಿ ಅಂತ ಇಂಗ್ಲಿಷ್ ಅಕ್ಷರಗಳು ಇರುತ್ತವೆ. ಇದ್ದರೆ ಅದೃಷ್ಟ. ತುಂಬಾ ಹಳೇ ಕಾರುಗಳಲ್ಲಿ ಈ ಗುರುತು ಇರುವುದೇ ಅಪರೂಪ. ಆಗ ನಾವೇ ಪರೀಕ್ಷೆ ಮಾಡಬೇಕು.

ಹಿಂಬದಿಯ ಅಂಚಿನಿಂದ ಚೂರಿಯಲ್ಲಿ ಒಂದು ಸಣ್ಣ ಚೂರು ಕೆತ್ತಿ ತೆಗೆಯಿರಿ. ಸೋಪು ಬೆರೆಸಿದ ನೀರಿನಲ್ಲಿ ಅದನ್ನು ಪೂರ್ತಿ ಮುಳುಗಿಸಿ ಬಿಡಿ. ಗಾಳಿ ಗುಳ್ಳೆ ಅಂಟಿಕೊಂಡಿರಬಾರದು. ತೇಲಿ ಬಂದರೆ ಪಾಲಿಪ್ರೊಪಿಲೀನ್ (ಗುರುತಿನಲ್ಲಿ ಪಿಪಿ ಅನ್ನುವುದು ಇದನ್ನೇ) ಅಥವಾ ಪಾಲಿಎಥಿಲೀನ್. ಪಾಲಿಪ್ರೊಪಿಲೀನ್ ಸಾಂದ್ರತೆ ಸುಮಾರು 0.9, ಹಾಗಾಗಿ ನೀರಿಗಿಂತ ಹಗುರ. ಎಬಿಎಸ್ 1.05ರ ಆಸುಪಾಸು, ಮುಳುಗುತ್ತದೆ. ಪಿವಿಸಿ ಇನ್ನೂ ಭಾರ. ಒಂದು ತೊಡಕು ಇದೆ. ಗಟ್ಟಿ ಬರಲಿ ಅಂತ ಪಾಲಿಪ್ರೊಪಿಲೀನ್‌ಗೆ ಟಾಲ್ಕ್ ಪುಡಿ ಬೆರೆಸುವುದುಂಟು. 20 ಶೇಕಡಾ ಟಾಲ್ಕ್ ಇದ್ದರೆ ಅದೂ ಮುಳುಗುತ್ತದೆ. ಮುಳುಗಿತು ಅಂದ ಮಾತ್ರಕ್ಕೆ ಎಬಿಎಸ್ ಅಂತ ತೀರ್ಮಾನಿಸಬೇಡಿ.

ಆಗ ಅಸಿಟೋನ್ ಎಂಬ ದ್ರಾವಕ ಸಹಾಯಕ್ಕೆ ಬರುತ್ತದೆ. ಹಿಂಬದಿಯಲ್ಲಿ, ಎಂದೂ ಕಾಣದ ಜಾಗದಲ್ಲಿ, ಹತ್ತಿಕಡ್ಡಿಗೆ ಒಂದು ಹನಿ ಅಸಿಟೋನ್ ಹಾಕಿ ಉಜ್ಜಿ. ಮೇಲ್ಮೈ ಮೆತ್ತಗಾಗಿ ಜಿಗುಟಾಯಿತು, ಹತ್ತಿಗೆ ಬಣ್ಣ ಬಂತು ಅಂದರೆ ಎಬಿಎಸ್ ಅಥವಾ ಅದರ ಬಳಗದ್ದು. ಏನೂ ಆಗದೆ ಸುಮ್ನೆ ಆರಿಹೋದರೆ ಪಾಲಿಪ್ರೊಪಿಲೀನ್ ಇರುವ ಸಾಧ್ಯತೆ ಜಾಸ್ತಿ. ಮುಟ್ಟಿದರೆ ಮೇಣ ಸವರಿದ ಹಾಗೆ ಜಾರುವ ಗುಣವೂ ಅದಕ್ಕಿದೆ. ಸುಟ್ಟು ವಾಸನೆ ನೋಡುವ ಪರೀಕ್ಷೆಯನ್ನು ಕೆಲವರು ಹೇಳುತ್ತಾರೆ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಮೂಗು ಗಂಟಲು ಉರಿಯುತ್ತವೆ. ಆ ಪರೀಕ್ಷೆ ಬೇಡವೇ ಬೇಡ.

ಕಾಲದ ಲೆಕ್ಕವೂ ಸ್ವಲ್ಪ ಸಹಾಯ ಮಾಡುತ್ತದೆ. ಇಟಲಿಯ ಜೂಲಿಯೊ ನಾಟ್ಟಾ ಪಾಲಿಪ್ರೊಪಿಲೀನನ್ನು ಹರಳುರೂಪದಲ್ಲಿ ತಯಾರಿಸಿದ್ದು 1954ರಲ್ಲಿ, ಅದು ಮಾರುಕಟ್ಟೆಗೆ ಬಂದದ್ದು 1957ರಲ್ಲಿ. ಅದಕ್ಕಿಂತ ಹಿಂದಿನ ಕಾರಿನ ಅಸಲಿ ಭಾಗ ಅದಾಗಿರಲು ಸಾಧ್ಯವಿಲ್ಲ. ಅಂಥ ಕಾರುಗಳ ಗುಂಡಿ, ಹಿಡಿ, ಸ್ಟೀರಿಂಗ್ ಚಕ್ರಗಳಲ್ಲಿ ಬೇಕಲೈಟ್, ಸೆಲ್ಯುಲೋಸ್ ಜಾತಿಯ ಪ್ಲಾಸ್ಟಿಕ್ ಸಿಗುತ್ತವೆ. ಸೆಲ್ಯುಲೋಸ್ ಜಾತಿಗೆ ಥಿನ್ನರ್ ತಾಗಿಸಲೇಬೇಡಿ.

ಹಾಳೆ ಹಾಳೆಯಾಗಿ ಎದ್ದು ಬರುವ ಬಣ್ಣ

ಪಾಲಿಪ್ರೊಪಿಲೀನ್ ಮೇಲೆ ಪೇಂಟ್ ನಿಲ್ಲುವುದು ಕೆಸುವಿನ ಎಲೆಯ ಮೇಲೆ ನೀರು ನಿಂತ ಹಾಗೆ. ಆ ಪ್ಲಾಸ್ಟಿಕ್ಕಿನ ಮೇಲ್ಮೈ ಶಕ್ತಿ ಕಡಿಮೆ. ಪೇಂಟ್ ಅದರ ಮೇಲೆ ಹರಡಿಕೊಳ್ಳುವುದಿಲ್ಲ, ಒಳಗೆ ಕಚ್ಚಿಕೊಳ್ಳುವುದೂ ಇಲ್ಲ. ಸಾಮಾನ್ಯ ಪ್ರೈಮರ್ ಒಣಗಿದಾಗ ಗಟ್ಟಿಯಾಗಿ ಕೂತ ಹಾಗೆ ಕಾಣುತ್ತದೆ. ಆಮೇಲೆ ಒಂದು ದಿನ ಕಾರು ಬಿಸಿಲಲ್ಲಿ ನಿಲ್ಲುತ್ತದೆ, ಡ್ಯಾಶ್‌ಬೋರ್ಡಿನ ಮೇಲ್ಮೈ 70 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಪ್ಲಾಸ್ಟಿಕ್ ಹಿಗ್ಗುತ್ತದೆ. ರಾತ್ರಿ ಕುಗ್ಗುತ್ತದೆ. ಪೇಂಟ್ ಅಷ್ಟು ಹಿಗ್ಗಿ ಕುಗ್ಗುವುದಿಲ್ಲ. ಅಂಚಿನಲ್ಲಿ ಮೊದಲು ಬಿಡುತ್ತದೆ, ಆಮೇಲೆ ಹಾಳೆಯಂತೆ ಎದ್ದು ಬರುತ್ತದೆ.

ಇದಕ್ಕೆ ಮದ್ದು ಅಡ್ಹೀಷನ್ ಪ್ರೊಮೋಟರ್, ಅಂದರೆ ಹಿಡಿತ ಹೆಚ್ಚಿಸುವ ದ್ರವ. ಹೆಚ್ಚಿನವುಗಳಲ್ಲಿ ಕ್ಲೋರಿನ್ ಸೇರಿಸಿದ ಪಾಲಿಒಲೆಫಿನ್ ಇರುತ್ತದೆ. ಅದರ ಒಂದು ಗುಣ ಪ್ಲಾಸ್ಟಿಕ್ಕಿಗೆ ಒಗ್ಗುತ್ತದೆ, ಇನ್ನೊಂದು ಗುಣ ಪೇಂಟಿಗೆ ಒಗ್ಗುತ್ತದೆ. ಡಬ್ಬಿಯ ಮೇಲೆ ಪಾಲಿಪ್ರೊಪಿಲೀನ್, ಟಿಪಿಒ (ಅದೇ ಬಳಗದ ರಬ್ಬರಿನಂಥ ಪ್ಲಾಸ್ಟಿಕ್) ಅಂತ ಸ್ಪಷ್ಟವಾಗಿ ಬರೆದಿರಬೇಕು. ಬರೀ 'ಪ್ಲಾಸ್ಟಿಕ್ ಪ್ರೈಮರ್' ಅಂತ ಇದ್ದರೆ ಅದು ಎಬಿಎಸ್‌ಗೆ ಮಾತ್ರ ಸಾಕಾಗುವಂಥದ್ದೂ ಆಗಿರಬಹುದು.

ಅದನ್ನು ಬಳಸಿದ ಮೇಲೂ ಬಣ್ಣ ಏಳುತ್ತಿದೆ ಅಂದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ದಪ್ಪ ಹೊಡೆದಿರಿ? ಇದನ್ನು ಪ್ರೈಮರ್ ಹಾಗೆ ತುಂಬಿ ಹೊಡೆಯಬಾರದು. ತೆಳುವಾದ, ಒದ್ದೆ ಕಂಡೂ ಕಾಣದಂಥ ಪದರ ಸಾಕು. ದಪ್ಪವಾದರೆ ಅದೇ ಮೆತ್ತನೆ ಪದರವಾಗಿ ಉಳಿದು ನಡುವೆ ಸೀಳುತ್ತದೆ. ಎರಡನೆಯದು, ಎಷ್ಟು ಹೊತ್ತು ಬಿಟ್ಟು ಬಣ್ಣ ಹೊಡೆದಿರಿ? ಡಬ್ಬಿಯ ಮೇಲೆ ಹೇಳಿದ ಹೊತ್ತಿನ ಒಳಗೇ ಮುಂದಿನ ಕೋಟ್ ಬೀಳಬೇಕು. ಊಟ ಮುಗಿಸಿ ಬಂದು ಹೊಡೆಯೋಣ ಅಂದರೆ ಆ ಹೊತ್ತು ಮುಗಿದಿರುತ್ತದೆ. ಮುಗಿದಿದ್ದರೆ ಮತ್ತೆ ಹಗುರವಾಗಿ ಉಜ್ಜಿ, ಒರೆಸಿ, ಮತ್ತೊಮ್ಮೆ ತೆಳುವಾಗಿ ಅದನ್ನೇ ಹೊಡೆದು ಮುಂದುವರಿಯಿರಿ.

ಎಬಿಎಸ್‌ನಲ್ಲಿ ಹೀಗೆ ಎದ್ದರೆ ಕಾರಣ ಸಾಮಾನ್ಯವಾಗಿ ಸರಳ: ಉಜ್ಜಿಲ್ಲ, ಇಲ್ಲವೇ ಜಿಡ್ಡು ಹೋಗಿಲ್ಲ. ಬೂದು ಬಣ್ಣದ ಸ್ಕಫ್ ಪ್ಯಾಡ್ ಅಥವಾ 600ರಿಂದ 800ರ ಸ್ಯಾಂಡ್‌ಪೇಪರ್ ಒದ್ದೆ ಮಾಡಿ ಹೊಳಪು ಹೋಗುವವರೆಗೆ ಉಜ್ಜಿದರೆ ಸಾಕು. ಮೂಲೆ, ಸ್ಕ್ರೂ ಕುಳಿ, ಏಸಿ ಗಾಳಿಕಿಂಡಿಯ ಸಂದುಗಳನ್ನು ಬಿಡಬೇಡಿ. ಬಣ್ಣ ಏಳಲು ಶುರುವಾಗುವುದು ಅಲ್ಲಿಂದಲೇ. ಪಾಲಿಪ್ರೊಪಿಲೀನನ್ನು ಮಾತ್ರ ಒಣ ಕಾಗದದಲ್ಲಿ ಜೋರಾಗಿ ಉಜ್ಜಬೇಡಿ. ಅದು ಸವೆಯುವ ಬದಲು ನಾರು ನಾರಾಗಿ ಏಳುತ್ತದೆ. ಆ ನಾರು ಪೇಂಟ್ ಮೇಲೂ ಎದ್ದು ಕಾಣುತ್ತದೆ.

ಪುಡಿ ಬಿದ್ದ ಪ್ಲಾಸ್ಟಿಕ್ ಆಗಿದ್ದರೆ ಸತ್ತ ಪದರ ಪೂರ್ತಿ ಹೋಗಬೇಕು. ಒದ್ದೆ ಕಾಗದದಲ್ಲಿ ಉಜ್ಜಿ, ತೊಳೆದು, ಒಣಗಿದ ಮೇಲೆ ಕಪ್ಪು ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆಗೆ ಏನೂ ಬರದಿದ್ದಾಗ ನಿಲ್ಲಿಸಿ. ಕಪ್ಪು ಭಾಗವಾದರೆ ಬಿಳಿ ಬಟ್ಟೆ. ಹಿಂದಿನ ಕಿಟಕಿಯ ಕೆಳಗಿನ ತಟ್ಟೆಯಲ್ಲಿ ಈ ಕೆಲಸ ಜಾಸ್ತಿ, ಯಾಕೆಂದರೆ ಬಿಸಿಲು ನೇರವಾಗಿ ಬೀಳುವುದು ಅಲ್ಲಿ.

ಸಣ್ಣ ಸಣ್ಣ ಕುಳಿ, ಮೀನಿನ ಕಣ್ಣು

ಬಣ್ಣ ಹೊಡೆದ ಕೆಲವೇ ಕ್ಷಣಗಳಲ್ಲಿ ದುಂಡಗಿನ ಕುಳಿಗಳು ತೆರೆದುಕೊಳ್ಳುತ್ತವೆ. ನಡುವೆ ಕೆಳಗಿನ ಬಣ್ಣ ಕಾಣುತ್ತದೆ, ಸುತ್ತ ಉಬ್ಬಿದ ಅಂಚು. ಪೇಂಟರ್‌ಗಳು ಇದನ್ನು ಫಿಶ್ ಐ ಅನ್ನುತ್ತಾರೆ. ಹಳೇ ಕಾರಿನ ಒಳಭಾಗದಲ್ಲಿ ಇದಕ್ಕೆ ಮೊದಲ ಅನುಮಾನ ಒಂದೇ: ಸಿಲಿಕೋನ್. ವರ್ಷಗಟ್ಟಲೆ ಡ್ಯಾಶ್‌ಬೋರ್ಡಿಗೆ ಹಚ್ಚಿದ ಹೊಳಪಿನ ಪಾಲಿಶ್‌ಗಳಲ್ಲಿ ಅದು ಇರುತ್ತದೆ. ಕೈಗೆ ಹಚ್ಚುವ ಕ್ರೀಮ್, ಕೀಲಿಗೆ ಹೊಡೆಯುವ ಸ್ಪ್ರೇ, ಪಕ್ಕದಲ್ಲಿ ಯಾರೋ ಟೈರಿಗೆ ಹಚ್ಚುತ್ತಿರುವ ಪಾಲಿಶ್, ಕಂಪ್ರೆಸರ್‌ನಿಂದ ಬರುವ ಎಣ್ಣೆಯ ತುಂತುರು ಕೂಡ ಇದೇ ಕೆಲಸ ಮಾಡುತ್ತವೆ.

ಎಲ್ಲಿಂದ ಬಂತು ಅಂತ ತಿಳಿಯಲು ಕುಳಿಗಳ ಜಾಗ ನೋಡಿ. ಬೆರಳಿನ ಆಕಾರದಲ್ಲಿ, ಹಿಡಿದ ಜಾಗದಲ್ಲೇ ಇದ್ದರೆ ಕೈಯಿಂದ ಬಂದಿದೆ. ಸಂದುಗಳ ಉದ್ದಕ್ಕೂ, ಗಾಳಿಕಿಂಡಿಯ ಸುತ್ತ ಇದ್ದರೆ ಹಳೇ ಪಾಲಿಶ್ ಅಲ್ಲಿ ಅಡಗಿ ಕೂತಿದೆ. ಇಡೀ ಭಾಗದ ಮೇಲೆ ಚುಕ್ಕೆ ಚುಕ್ಕೆಯಾಗಿ ಹರಡಿದ್ದರೆ, ಅದರಲ್ಲೂ ಪಕ್ಕದಲ್ಲಿಟ್ಟ ಹೊಸ ಲೋಹದ ತುಂಡಿನ ಮೇಲೂ ಬಂದಿದ್ದರೆ, ಗಾಳಿಯಲ್ಲೋ ಸ್ಪ್ರೇಯಲ್ಲೋ ದೋಷವಿದೆ. ಪ್ರತಿ ಸಲ ಬಣ್ಣ ಹೊಡೆಯುವಾಗ ಒಂದು ಶುದ್ಧ ತಗಡಿನ ಚೂರನ್ನು ಪಕ್ಕದಲ್ಲಿಟ್ಟುಕೊಳ್ಳುವುದು ನನಗೆ ತುಂಬಾ ಇಷ್ಟವಾದ ಅಭ್ಯಾಸ. ಖರ್ಚಿಲ್ಲ, ಅನುಮಾನ ಅರ್ಧಕ್ಕೆ ಇಳಿಯುತ್ತದೆ.

ಕುಳಿ ಬಿದ್ದ ತಕ್ಷಣ ನಿಲ್ಲಿಸಿ. ಅದರ ಮೇಲೆ ದಪ್ಪ ಕೋಟ್ ಹೊಡೆದರೆ ಕುಳಿ ಇನ್ನೂ ಆಳವಾಗುತ್ತದೆ. ಪೂರ್ತಿ ಒಣಗಲು ಬಿಡಿ, ಕುಳಿಗಳು ಹೋಗುವವರೆಗೆ ಒದ್ದೆ ಉಜ್ಜಿ, ಮತ್ತೆ ತೊಳೆಯುವ ಹಂತಕ್ಕೇ ಹೋಗಿ.

ತೊಳೆಯುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೆಟ್ಟ ಕೆಲಸಗಳಲ್ಲಿ ಹೆಚ್ಚಿನವು ಕೆಡುವುದು ಇಲ್ಲೇ. ಉಜ್ಜುವ ಮೊದಲೇ ತೊಳೆಯಬೇಕು. ಜಿಡ್ಡಿನ ಮೇಲೆ ಸ್ಯಾಂಡ್‌ಪೇಪರ್ ಆಡಿಸಿದರೆ ಸಿಲಿಕೋನ್ ಗೀರುಗಳ ಒಳಗೆ ಹೋಗಿ ಕೂರುತ್ತದೆ. ಮೊದಲು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆ ನೈಲಾನ್ ಬ್ರಷ್. ಚರ್ಮದಂಥ ಗೆರೆಗಳಿರುವ ಮೇಲ್ಮೈಯಲ್ಲಿ ಬಟ್ಟೆ ಒಳಗೆ ಇಳಿಯುವುದಿಲ್ಲ, ಬ್ರಷ್ಷೇ ಬೇಕು. ಚೆನ್ನಾಗಿ ಜಾಲಿಸಿ ಒಣಗಿಸಿ. ಆಮೇಲೆ ವ್ಯಾಕ್ಸ್ ಮತ್ತು ಗ್ರೀಸ್ ರಿಮೂವರ್. ಒಂದು ಬಟ್ಟೆಯಲ್ಲಿ ಅದನ್ನು ಒದ್ದೆಯಾಗಿ ಹಚ್ಚಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಸುಮ್ನೆ ಆರಲು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ಅಲ್ಲೇ ಕೂರುತ್ತದೆ. ಬಟ್ಟೆಯ ಹೊಸ ಬದಿ ತಿರುಗಿಸುತ್ತಾ ಇರಿ. ಉಜ್ಜಿದ ಮೇಲೆ ಇಡೀ ಕ್ರಮ ಇನ್ನೊಮ್ಮೆ.

ತೊಳೆದದ್ದು ಸಾಕೇ ಅಂತ ನೀರೇ ಹೇಳುತ್ತದೆ. ಉಜ್ಜಿದ ಎಬಿಎಸ್ ಮೇಲೆ ಶುದ್ಧ ನೀರು ಸುರಿದಾಗ ಒಂದೇ ಹಾಳೆಯಾಗಿ ಹರಿದರೆ ಸರಿ. ಹನಿ ಹನಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ. ಪಾಲಿಪ್ರೊಪಿಲೀನ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ. ಅದು ಶುದ್ಧವಾಗಿದ್ದರೂ ನೀರನ್ನು ಹನಿಯಾಗಿಯೇ ಒಡೆಯುತ್ತದೆ.

ಫಿಶ್ ಐ ಬರದಂತೆ ಪೇಂಟಿಗೆ ಬೆರೆಸುವ ದ್ರವ ಸಿಗುತ್ತದೆ. ಅವುಗಳಲ್ಲಿ ಎಷ್ಟೋ ಸಿಲಿಕೋನ್‌ನಿಂದಲೇ ಆದವು. ಒಮ್ಮೆ ಬೆರೆಸಿದರೆ ಮುಂದಿನ ಎಲ್ಲ ಕೋಟ್‌ಗೂ ಬೆರೆಸಬೇಕು, ಸ್ಪ್ರೇ ಗನ್ನಿಗೂ ಅಂಟುತ್ತದೆ. ನಾನಂತೂ ಅದನ್ನು ಮುಟ್ಟುವುದಿಲ್ಲ. ತೊಳೆಯುವುದೇ ಸರಿಯಾದ ದಾರಿ.

ಒಣಗದ, ಕೈಗೆ ಅಂಟುವ ಪೇಂಟ್

ಇಲ್ಲಿ ಯಾವಾಗ ಜಿಗುಟಾಯಿತು ಅನ್ನುವುದೇ ಮುಖ್ಯ ಸುಳಿವು.

ಹೊಡೆದಾಗಿನಿಂದಲೂ ಒಣಗಲೇ ಇಲ್ಲ ಅಂದರೆ ಕೋಟ್‌ಗಳು ದಪ್ಪವಾಗಿ, ಬೇಗ ಬೇಗ ಬಿದ್ದಿವೆ. ಮೇಲೆ ಕೆನೆ ಕಟ್ಟಿ ಒಳಗೆ ದ್ರಾವಕ ಸಿಕ್ಕಿಕೊಂಡಿದೆ. ಒಣ ಗಾಳಿ ಆಡುವ, 30ರಿಂದ 40 ಡಿಗ್ರಿ ಬೆಚ್ಚಗಿನ ಜಾಗದಲ್ಲಿ ಕೆಲವು ದಿನ ಬಿಡಿ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ಹೀಟ್ ಗನ್ ಹಿಡಿದು ಅವಸರ ಮಾಡಬೇಡಿ. ಗುಳ್ಳೆ ಏಳುತ್ತದೆ, ಎಬಿಎಸ್ ಸೊಟ್ಟಗಾಗುತ್ತದೆ. ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಎರಡು ಭಾಗದ ಪೇಂಟ್ ಆಗಿದ್ದು, ಅಳತೆ ತಪ್ಪಿದ್ದರೆ ಎಷ್ಟು ಕಾದರೂ ಗಟ್ಟಿಯಾಗುವುದಿಲ್ಲ. ತೆಗೆಯಲೇಬೇಕು. ಅಂದಹಾಗೆ ಆ ಬಗೆಯ ಪೇಂಟಿನಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಿಗೆ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡ ಇಲ್ಲದಿದ್ದರೆ ಅದನ್ನು ಸ್ಪ್ರೇ ಮಾಡಬಾರದು. ಒಮ್ಮೆ ಅಲರ್ಜಿ ಹತ್ತಿದರೆ ಆಮೇಲೆ ಚೂರು ತಾಗಿದರೂ ಆಸ್ತಮಾ ಕೆರಳಬಹುದು. ಕಾರಿನ ಒಳಭಾಗಕ್ಕೆ ಒಂದೇ ಭಾಗದ ಒಳ್ಳೆ ಪೇಂಟ್ ಧಾರಾಳವಾಗಿ ಸಾಕು. ಅದಕ್ಕೂ ದ್ರಾವಕದ ಹಬೆ ತಡೆಯುವ ಕಾರ್ಟ್ರಿಡ್ಜ್ ಮುಖವಾಡ ಬೇಕು, ಬಟ್ಟೆ ಮಾಸ್ಕ್ ಉಪಯೋಗವಿಲ್ಲ.

ಚೆನ್ನಾಗಿ ಒಣಗಿ, ವಾರಗಳ ನಂತರ ಜಿಗುಟಾಯಿತು ಅಂದರೆ ಕೆಳಗೆ ಮೆತ್ತನೆ ವಿನೈಲ್ (ಪಿವಿಸಿ) ಇದೆಯೇ ನೋಡಿ. ವಿನೈಲ್ ಮೆತ್ತಗಿರಲಿ ಅಂತ ಅದಕ್ಕೆ ಬೆರೆಸುವ ಪ್ಲಾಸ್ಟಿಸೈಜರ್ ನಿಧಾನವಾಗಿ ಮೇಲೆ ಬರುತ್ತಾ ಇರುತ್ತದೆ. ಪೇಂಟ್ ಅದನ್ನು ಹೀರಿ ತಾನೇ ಮೆತ್ತಗಾಗುತ್ತದೆ. ಡ್ಯಾಶ್‌ಬೋರ್ಡಿನ ಫೋಮ್ ಹೊದಿಕೆ, ಬಾಗಿಲ ಪ್ಯಾನೆಲ್, ಕೈಯಿಡುವ ದಿಂಬುಗಳಲ್ಲಿ ಇದು ಸಾಮಾನ್ಯ. ಇವಕ್ಕೆ ವಿನೈಲ್‌ಗಾಗಿಯೇ ಮಾಡಿದ, ಬಗ್ಗುವ ಬಣ್ಣವೇ ಬೇಕು. ಮೇಲೆ ಹಾರ್ಡ್ ಲ್ಯಾಕರ್ ಹೊಡೆಯಬಾರದು.

ಮೂರನೆಯ ಬಗೆ ಬೇರೆ. 1990ರ ದಶಕದ ಕಾರುಗಳ ಗುಂಡಿ, ಕನ್ಸೋಲ್‌ಗಳ ಮೇಲೆ ಕಾರ್ಖಾನೆಯಲ್ಲೇ ರಬ್ಬರಿನಂತೆ ಮೆತ್ತನೆಯ ಪಾಲಿಯುರೆಥೇನ್ ಪದರ ಹಾಕುತ್ತಿದ್ದರು. ಗಾಳಿಯ ತೇವಕ್ಕೆ ಅದು ಮುರಿದು ಅಂಟಂಟಾಗುತ್ತದೆ. ಅದರ ಮೇಲೆ ಯಾವ ಪೇಂಟೂ ನಿಲ್ಲುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಕೆಲವು ನಿಮಿಷ ಬಿಟ್ಟು, ಪ್ಲಾಸ್ಟಿಕ್ ಸೌಟಿನಂಥ ಮೊಂಡು ಅಂಚಿನಿಂದ ಕೆರೆದು ಪೂರ್ತಿ ತೆಗೆಯಿರಿ. ಗುಂಡಿಯ ಮೇಲಿನ ಚಿತ್ರ, ಅಕ್ಷರಗಳೂ ಜೊತೆಗೇ ಹೋಗಬಹುದು. ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ. ಕೆಳಗೆ ಸಿಗುವ ಗಟ್ಟಿ ಪ್ಲಾಸ್ಟಿಕ್ ಎಷ್ಟೋ ಸಲ ಹಾಗೇ ಬಿಡುವಷ್ಟು ಚೆನ್ನಾಗಿರುತ್ತದೆ.

ಸುಕ್ಕು ಮತ್ತು ಬಿರುಕು

ಎರಡನೇ ಕೋಟ್ ಬಿದ್ದ ಕೂಡಲೇ ಕೆಳಗಿನದು ಸುಕ್ಕುಗಟ್ಟಿ ಎದ್ದರೆ ಹೊಸ ದ್ರಾವಕ ಹಳೇ ಪದರವನ್ನು ಉಬ್ಬಿಸಿದೆ. ಎನಾಮೆಲ್ ಮೇಲೆ ಲ್ಯಾಕರ್ ಹೊಡೆದರೆ ಹೀಗಾಗುವುದು ಮಾಮೂಲು. ಒಂದೇ ಡಬ್ಬಿಯಲ್ಲೂ ಆಗುತ್ತದೆ: ಒಂದು ಗಂಟೆಯೊಳಗೆ ಹೊಡೆಯಿರಿ, ಇಲ್ಲವಾದರೆ 24 ಅಥವಾ 48 ಗಂಟೆ ಬಿಡಿ ಅಂತ ಎಷ್ಟೋ ಎನಾಮೆಲ್ ಡಬ್ಬಿಗಳ ಮೇಲೆ ಬರೆದಿರುತ್ತದೆ. ಆ ನಡುವಿನ ಹೊತ್ತಿನಲ್ಲಿ ಪದರ ಅರೆಬೆಂದಿರುತ್ತದೆ, ದ್ರಾವಕ ತಾಗಿದರೆ ಏಳುತ್ತದೆ. ಸುಕ್ಕಾದದ್ದು ಪೂರ್ತಿ ಒಣಗಲಿ. ಆಮೇಲೆ ಉಜ್ಜಿ ಸಮ ಮಾಡಿ. ಕೆಳಗಿನ ಹಳೇ ಪೇಂಟ್ ಯಾವುದು ಅಂತ ಗೊತ್ತಿಲ್ಲದಿದ್ದರೆ, ಹೊಡೆಯಬೇಕೆಂದಿರುವ ಹೊಸ ಪೇಂಟನ್ನು ಕಾಣದ ಮೂಲೆಗೆ ಸ್ವಲ್ಪ ಹೊಡೆದು ಒಂದು ದಿನ ಕಾಯುವುದು ಲೇಸು.

ಬಿರುಕು ಬಂದರೆ ಅದು ಪೇಂಟಿನಲ್ಲೋ ಪ್ಲಾಸ್ಟಿಕ್ಕಿನಲ್ಲೋ ಅಂತ ಮೊದಲು ಬೇರ್ಪಡಿಸಿ. ಮೆತ್ತನೆ ಭಾಗವನ್ನು ಒತ್ತಿದಾಗ ಗೆರೆ ತೆರೆದು ಮುಚ್ಚಿದರೆ, ಕೆಳಗಿನ ವಿನೈಲ್ ಸರಿಯಾಗಿಯೇ ಇದ್ದರೆ, ಪೇಂಟ್ ಬಗ್ಗದೆ ಒಡೆದಿದೆ. ಫಿಲ್ಲರ್ ಪ್ರೈಮರ್‌ನಂಥ ದಪ್ಪ ಪದರ ಕೆಳಗಿದ್ದರೆ ಇದು ಬೇಗ ಬರುತ್ತದೆ. ಗಟ್ಟಿ ಎಬಿಎಸ್‌ನಲ್ಲಿ ಸ್ಕ್ರೂ ತೂತಿನಿಂದ, ಚೂಪು ಮೂಲೆಯಿಂದ ಕೂದಲೆಳೆಯ ಗೆರೆಗಳು ಹೊರಟಿದ್ದರೆ ಪ್ಲಾಸ್ಟಿಕ್ಕೇ ಸೀಳಿದೆ. ಅಚ್ಚಿನಲ್ಲಿ ತಯಾರಾಗುವಾಗ ಅದರೊಳಗೆ ಉಳಿದ ಒತ್ತಡಕ್ಕೆ ಬಲವಾದ ಥಿನ್ನರ್ ತಾಗಿದಾಗ ಹೀಗೆ ಗೆರೆ ಬಿಡುತ್ತದೆ. ಜಿಡ್ಡು ತೆಗೆಯಲು ಅಸಿಟೋನ್, ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಬಳಸಿದವರ ಭಾಗಗಳಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇವೆ.

ಅಂಥ ಬಿರುಕನ್ನು ಪೇಂಟ್ ಮುಚ್ಚುವುದಿಲ್ಲ. ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದರೆ ಅದು ಮುಂದೆ ಓಡುವುದು ನಿಲ್ಲುತ್ತದೆ. ಅದೇ ಜಾತಿಯ ಎಬಿಎಸ್ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ಗಂಜಿಯಂತೆ ಮಾಡಿ, ಹಿಂಬದಿಯಿಂದ ಜಾಲರಿ ಬಟ್ಟೆಯ ಜೊತೆ ಹಚ್ಚಿದರೆ ಗಟ್ಟಿಯಾಗಿ ಬೆಸೆಯುತ್ತದೆ. ಅಸಿಟೋನ್ ಪೂರ್ತಿ ಆರಲು ದಿನಗಳು ಬೇಕು. ಮೇಲೆ ಒಣಗಿದಂತೆ ಕಂಡರೂ ಒಳಗೆ ಇನ್ನೂ ಕುಗ್ಗುತ್ತಿರುತ್ತದೆ. ಪೇಂಟ್ ಮಾಡಿದ ಕೆಲವು ವಾರಕ್ಕೆ ರಿಪೇರಿಯ ಗೆರೆ ಮೆಲ್ಲಗೆ ಮೂಡಿ ಬಂದರೆ ಕಾರಣ ಇದೇ. ಪಾಲಿಪ್ರೊಪಿಲೀನ್‌ಗೆ ಈ ಗಂಜಿ ನಡೆಯುವುದಿಲ್ಲ. ಅದಕ್ಕೆ ಅದೇ ಪ್ಲಾಸ್ಟಿಕ್ಕಿನ ಕಡ್ಡಿಯಿಂದ ಬಿಸಿ ಬೆಸುಗೆ ಬೇಕು.

ಹವೆ ಮತ್ತು ಕೈಯ ದೋಷಗಳು

ಇವು ಬೇಗ ಗೊತ್ತಾಗುತ್ತವೆ, ಬೇಗ ಸರಿಯಾಗುತ್ತವೆ. ಮಂಜು ಕವಿದಂತೆ ಬಿಳಿಚಿಕೊಂಡರೆ ಗಾಳಿಯ ತೇವ ಪೇಂಟಿನಲ್ಲಿ ಸಿಕ್ಕಿದೆ. ತೇವ 85 ಶೇಕಡಾ ದಾಟಿದ ದಿನ ಕೆಲಸ ಬೇಡ. ಭಾಗದ ಮೇಲ್ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಒಣ ದಿನದಲ್ಲಿ ಮತ್ತೊಂದು ತೆಳು ಕೋಟ್ ಬಿದ್ದರೆ ಎಷ್ಟೋ ಸಲ ಬಿಳಿಚು ಹೋಗುತ್ತದೆ. ಮುಟ್ಟಿದರೆ ಮರಳಿನಂತೆ ಒರಟಾಗಿದ್ದರೆ ದೂರದಿಂದ ಹೊಡೆದಿದ್ದೀರಿ, ಹನಿ ದಾರಿಯಲ್ಲೇ ಒಣಗಿದೆ. ಕಿತ್ತಳೆ ಸಿಪ್ಪೆಯಂಥ ಮೈ ಬಂದರೆ ಡಬ್ಬಿ ತಣ್ಣಗಿದೆ ಅಥವಾ ಪೇಂಟ್ ಗಟ್ಟಿಯಾಗಿದೆ. ಸೋರಿದರೆ ಹತ್ತಿರ ಹಿಡಿದಿದ್ದೀರಿ, ಇಲ್ಲವೇ ಕೈ ನಿಂತಿದೆ. 20ರಿಂದ 30 ಸೆಂಟಿಮೀಟರ್ ದೂರ, ಪ್ರತಿ ಪಟ್ಟಿ ಹಿಂದಿನದರ ಅರ್ಧ ಮುಚ್ಚುವ ಹಾಗೆ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು 20ರಿಂದ 25 ಡಿಗ್ರಿಗೆ ತನ್ನಿ. ಒಲೆಯ ಹತ್ತಿರಕ್ಕೂ ಒಯ್ಯಬೇಡಿ, ಸಿಡಿಯುತ್ತದೆ.

ಧೂಳು ಅಂಟುವುದಕ್ಕೆ ಪ್ಲಾಸ್ಟಿಕ್ಕಿನಲ್ಲಿ ಇನ್ನೊಂದು ಕಾರಣವಿದೆ. ಒಣ ಬಟ್ಟೆಯಲ್ಲಿ ಉಜ್ಜಿದಾಗ ಅದು ವಿದ್ಯುತ್ ಹಿಡಿದಿಟ್ಟುಕೊಂಡು ಧೂಳನ್ನು ಎಳೆಯುತ್ತದೆ. ಕೊನೆಯ ಒರೆಸು ಆಲ್ಕೋಹಾಲಿನಲ್ಲಿ ತುಸು ಒದ್ದೆ ಮಾಡಿದ ಬಟ್ಟೆಯಲ್ಲಿರಲಿ.

ಬಣ್ಣ ಗಟ್ಟಿಯಾಗಿ ಕೂತಿದೆ, ಆದರೂ ಕಣ್ಣಿಗೆ ಸರಿ ಕಾಣುತ್ತಿಲ್ಲ

ಬಹಳ ಸಲ ಇಲ್ಲಿ ದೋಷ ಬಣ್ಣದ್ದಲ್ಲ, ಹೊಳಪಿನದು. ಹಳೇ ಕಾರಿನ ಒಳಭಾಗ ಮಂಕು ಹೊಳಪಿನದು. ಡ್ಯಾಶ್‌ಬೋರ್ಡಿನ ಮೇಲ್ಭಾಗವಂತೂ ಪೂರ್ತಿ ಮಂಕಾಗಿರಲೇಬೇಕು, ಇಲ್ಲವಾದರೆ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಬಿದ್ದು ರಸ್ತೆ ಮರೆಮಾಡುತ್ತದೆ. ಅಂದಕ್ಕಿಂತ ಇದು ಸುರಕ್ಷತೆಯ ಮಾತು.

ಮಂಕು ಪೇಂಟ್ ಅಲ್ಲಲ್ಲಿ ಹೊಳೆದರೆ ಡಬ್ಬಿ ಸಾಕಷ್ಟು ಅಲ್ಲಾಡಿಸಿಲ್ಲ. ಮಂಕು ಮಾಡುವ ಪುಡಿ ತಳದಲ್ಲೇ ಉಳಿದಿದೆ. ಜಾಸ್ತಿ ಒದ್ದೆಯಾಗಿ ಹೊಡೆದ ಜಾಗವೂ ಹೊಳೆಯುತ್ತದೆ. ಕೊನೆಯ ಕೋಟನ್ನು ಒಂದೇ ದೂರದಲ್ಲಿ, ಒಂದೇ ವೇಗದಲ್ಲಿ, ಭಾಗದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲಿಸದೆ ಹೊಡೆಯಿರಿ. ಹೊಳೆಯುವ ಕಲೆಯನ್ನು ಉಜ್ಜಿ ಮಂಕು ಮಾಡಲು ಹೋಗಬೇಡಿ. ಉಜ್ಜಿದಷ್ಟೂ ಹೊಳೆಯುತ್ತದೆ.

ಬಣ್ಣವೇ ಹೊಂದುತ್ತಿಲ್ಲ ಅಂದರೆ ಹೋಲಿಸಿದ್ದು ಯಾವುದಕ್ಕೆ ಅಂತ ಯೋಚಿಸಿ. ಬಿಸಿಲು ಕಾಣದ ಹಿಂಬದಿಯ ಬಣ್ಣಕ್ಕೆ ಹೊಂದಿಸಿದರೆ ಅದು ಅಸಲಿ ಬಣ್ಣ. ಆದರೆ ಪಕ್ಕದ ಮಾಸಿದ ಭಾಗದ ಎದುರು ಎದ್ದು ಕಾಣುತ್ತದೆ. ಇಡೀ ಒಳಭಾಗ ಮಾಡುವವರು ಹಿಂಬದಿಗೆ ಹೊಂದಿಸಲಿ, ಒಂದೇ ಭಾಗ ಮಾಡುವವರು ಪಕ್ಕದ್ದಕ್ಕೆ. ಹೋಲಿಕೆ ಹಗಲು ಬೆಳಕಿನಲ್ಲಿ, ಭಾಗವನ್ನು ಕಾರಿನೊಳಗೆ ಅದರ ಜಾಗದಲ್ಲೇ ಹಿಡಿದು ಆಗಬೇಕು. ಕಪ್ಪು ಪ್ಲಾಸ್ಟಿಕ್ ಮೇಲೆ ತಿಳಿ ಬಣ್ಣ ಹೊಡೆದಿದ್ದರೆ ಪ್ರೈಮರ್‌ನ ಬಣ್ಣವನ್ನೂ ನೋಡಿ. ಕಡು ಪ್ರೈಮರ್ ಮೇಲೆ ತಿಳಿ ಕೆನೆಬಣ್ಣ ಯಾವತ್ತೂ ಕೊಳಕಾಗಿಯೇ ಕಾಣುತ್ತದೆ.

ಚರ್ಮದಂಥ ಗೆರೆಗಳು ಮುಚ್ಚಿಹೋಗಿದ್ದರೆ ಪೇಂಟ್ ಜಾಸ್ತಿಯಾಗಿದೆ, ಇಲ್ಲವೇ ಒರಟು ಕಾಗದ ಗೆರೆಗಳನ್ನೇ ತಿಂದುಹಾಕಿದೆ. ಮೊದಲನೆಯದಕ್ಕೆ ಪೇಂಟ್ ತೆಗೆದರೆ ಗೆರೆ ಮರಳುತ್ತದೆ. ಎರಡನೆಯದಕ್ಕೆ ಟೆಕ್ಸ್ಚರ್ ಸ್ಪ್ರೇ ಇದೆ, ಆದರೆ ಅದು ಅಸಲಿ ಗೆರೆಯ ಹಾಗೆ ಬರುವುದಿಲ್ಲ. ಗೆರೆ ಚೆನ್ನಾಗಿರುವ ಹಳೇ ಭಾಗ ಸಿಕ್ಕಿದರೆ ಅದೇ ಮೇಲು.

ಕೆಟ್ಟ ಪೇಂಟ್ ತೆಗೆಯುವುದು

ಪಾಲಿಪ್ರೊಪಿಲೀನ್ ಮೇಲಿನ ಪೇಂಟ್ ಟೇಪಿಗೂ, ಮೊಂಡು ಪ್ಲಾಸ್ಟಿಕ್ ಕೆರೆಯುವ ಪಟ್ಟಿಗೂ ಬಂದುಬಿಡುತ್ತದೆ. ಎಬಿಎಸ್ ಮೇಲಿನದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿಟ್ಟು ನೋಡಿ. ಡಬ್ಬಿಯ ಅಕ್ರಿಲಿಕ್ ಪೇಂಟ್‌ಗಳಲ್ಲಿ ಎಷ್ಟೋ ಇದಕ್ಕೆ ಮೆತ್ತಗಾಗುತ್ತವೆ. ಬೆಂಕಿ ದೂರವಿರಲಿ, ಕಿಟಕಿ ತೆರೆದಿರಲಿ. ಅದಕ್ಕೂ ಬಗ್ಗದಿದ್ದರೆ ಒದ್ದೆ ಉಜ್ಜುವುದೇ ಗತಿ. ಲೋಹಕ್ಕೆ ಬಳಸುವ ಪೇಂಟ್ ರಿಮೂವರ್ ಎಬಿಎಸ್‌ನ್ನೇ ಕರಗಿಸುತ್ತದೆ.

ಏರ್‌ಬ್ಯಾಗ್ ಇರುವ ಕಾರಾದರೆ ಒಂದು ಎಚ್ಚರಿಕೆ. ಏರ್‌ಬ್ಯಾಗ್ ಮುಚ್ಚಳ ತನ್ನ ತೆಳು ಗೆರೆಯಲ್ಲಿ ಸೀಳಿ ತೆರೆಯುವಂತೆ ಮಾಡಿರುತ್ತಾರೆ. ಅದಕ್ಕೆ ಪೇಂಟ್, ಫಿಲ್ಲರ್, ಥಿನ್ನರ್ ಯಾವುದೂ ಬೇಡ.

ಮತ್ತೆ ಕೂರಿಸುವಾಗ

ಪೇಂಟ್ ಮುಟ್ಟಲು ಒಣಗಿದ್ದಕ್ಕೂ ಪೂರ್ತಿ ಗಟ್ಟಿಯಾದದ್ದಕ್ಕೂ ತುಂಬಾ ಅಂತರವಿದೆ. ಸಂಜೆ ಹೊಡೆದು ಬೆಳಿಗ್ಗೆ ಕೂರಿಸಿದರೆ ಕ್ಲಿಪ್ ಒತ್ತಿದ ಕಡೆ, ಸ್ಕ್ರೂ ತಲೆಯ ಸುತ್ತ ಬಣ್ಣ ಹಿಸುಕಿ ಏಳುತ್ತದೆ. ಅಂಚುಗಳಲ್ಲಿ ಮಾತ್ರ, ಕೂರಿಸಿದ ಕೂಡಲೇ ಬಣ್ಣ ಎದ್ದಿದ್ದರೆ ಹಿಡಿತದ ದೋಷ ಹುಡುಕುವ ಮೊದಲು ಇದನ್ನು ನೆನೆಯಿರಿ. ಒಂದು ವಾರವಾದರೂ ಬಿಡಿ, ಚಳಿಯಲ್ಲಿ ಇನ್ನೂ ಜಾಸ್ತಿ. ಎರಡು ಭಾಗ ಒಂದಕ್ಕೊಂದು ಉಜ್ಜುವ ಕಡೆ, ಕ್ಲಿಪ್ ಕೂರುವ ಕಡೆ, ಹೊಡೆಯುವಾಗಲೇ ಮಾಸ್ಕಿಂಗ್ ಟೇಪ್ ಹಚ್ಚಿ ಬಣ್ಣ ಬೀಳದಂತೆ ಮಾಡಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಪೇಂಟಿನ ದಪ್ಪಕ್ಕೇ ಭಾಗ ಬಿಗಿಯಾಗಿ, ತಳ್ಳಿದಾಗ ಹಳೇ ಪ್ಲಾಸ್ಟಿಕ್ ಮುರಿಯುವುದುಂಟು.

ಬಾಗಿಲ ಹಿಡಿ, ಗೇರ್ ಸುತ್ತಲಿನ ಅಂಚು, ಗ್ಲವ್ ಬಾಕ್ಸಿನ ಗುಂಡಿಗಳಲ್ಲಿ ಬಣ್ಣ ಸವೆದು ಹೋಗುವುದು ದೋಷವಲ್ಲ, ಬಳಕೆ. ಅಲ್ಲಿಗೆ ಮಂಕು ಕ್ಲಿಯರ್ ಕೋಟ್ (ಬಣ್ಣವಿಲ್ಲದ ಮೇಲ್ಪದರ) ಒಂದು ಹೆಚ್ಚು ಹೊಡೆಯಿರಿ. ಮೊದಲ ತಿಂಗಳು ಒದ್ದೆ ಬಟ್ಟೆ ಬಿಟ್ಟು ಬೇರೇನೂ ತಾಗಿಸಬೇಡಿ. ಆಮೇಲೂ ಸಿಲಿಕೋನ್ ಇರುವ ಹೊಳಪಿನ ಪಾಲಿಶ್ ಬೇಡ. ಮುಂದೆ ಯಾವಾಗಲಾದರೂ ಒಂದು ಗೀರು ತಿದ್ದಬೇಕಾದರೆ, ಆ ಜಾಗದಲ್ಲಿ ಮತ್ತೆ ಮೀನಿನ ಕಣ್ಣುಗಳೇ ಏಳುತ್ತವೆ.